ನೀರು ಕುಡಿದ ಜಾಕೆಟ್

ದೋಣಿ ಕಟ್ಟುವ ಶೆಡ್ಡು ಮುಚ್ಚಿ ಆರು ತಿಂಗಳಾಗಿತ್ತು. ಅಲ್ಲಿ ಬಡಗಿಯಾಗಿದ್ದವನು ಈಗ ಹೆಂಡತಿಯ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದ. ಕೈಯಲ್ಲಿ ಕಸುಬಿದ್ದೂ ಕೆಲಸವಿಲ್ಲವಲ್ಲ ಎಂಬುದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಆಗ ಬಂದವನು ಏಜೆಂಟ್. ಸಮುದ್ರದಾಚೆಯ ದೇಶದಲ್ಲಿ ಬಡಗಿಗಳನ್ನು ಹುಡುಕುತ್ತಿದ್ದಾರೆ, ಪಾಸ್‌ಪೋರ್ಟು ವೀಸಾ ಏನೂ ಬೇಡ, ಮೀನುಗಾರರ ದೋಣಿಗಳ ಜೊತೆ ಹಗಲಲ್ಲೇ ಹೊರಟರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದ. ಹೆಂಡತಿ ಬೇಡವೆಂದಳು. ಗಂಡ ನಕ್ಕುಬಿಟ್ಟ.

"ದೋಣಿ ಕಟ್ಟಿದವನು ಕಣೇ ನಾನು. ನನಗೇ ನೀರಿನ ಭಯ ಹೇಳ್ತೀಯಾ?"

ಅವಳ ಬಾಯಿ ಮುಚ್ಚಿಸಲು ಏಜೆಂಟ್ ಅವಳಿಗೇ ಕೆಲಸ ಕೊಟ್ಟ: ಮೂವತ್ತು ಲೈಫ್ ಜಾಕೆಟ್ ಹೊಲಿಯಬೇಕು. ಬಟ್ಟೆ, ಪಟ್ಟಿ, ಒಳಗೆ ತುಂಬುವ ಸ್ಪಂಜು ಎಲ್ಲ ಅವನೇ ತಂದ. ಗಂಡನ ಜಾಕೆಟ್ಟಿಗೆ ಅವಳು ಎರಡೆರಡು ಹೊಲಿಗೆ ಹಾಕಿದಳು.

ಗಂಡ ಹೊರಟ ದಿನ ಬೆಳಿಗ್ಗೆ, ಕರಾವಳಿ ಪೊಲೀಸಿನ ಹೆಣ್ಣುಮಗಳೊಬ್ಬಳು ಸಮವಸ್ತ್ರದ ತೋಳು ಸರಿ ಮಾಡಿಸಲು ಅಂಗಡಿಗೆ ಬಂದಳು. ವರ್ಷಗಳ ಪರಿಚಯ. ಮೇಜಿನ ಮೇಲೆ ಉಳಿದಿದ್ದ ಒಂದು ಜಾಕೆಟ್ ಕಂಡು ಎತ್ತಿ ಹಿಸುಕಿ ನೋಡಿದಳು. ಅದನ್ನು ಹಿತ್ತಲಿನ ನೀರಿನ ತೊಟ್ಟಿಗೆ ಹಾಕಿದಳು. ಸ್ವಲ್ಪ ಹೊತ್ತು ತೇಲಿತು. ಒಂದು ಬದಿ ವಾಲಿತು. ಇಬ್ಬರೂ ನೋಡುತ್ತಿದ್ದಂತೆ ತಳ ಸೇರಿತು.

"ಇದು ಹಾಸಿಗೆಗೆ ಹಾಕೋ ಸ್ಪಂಜು ಅಕ್ಕ, ನೀರು ಕುಡಿಯುತ್ತೆ. ಹೋದ ವಾರ ಇಂಥದ್ದೇ ಹಾಕ್ಕೊಂಡಿದ್ದ ಇಬ್ಬರನ್ನ ನಾನೇ ಎತ್ತಿದೆ. ಉಸಿರಿರಲಿಲ್ಲ. ಇದನ್ನ ಹೊಲಿದೋರು ಯಾರು?"

ಹೊಲಿದವಳು ಫೋನ್ ಕೈಗೆತ್ತಿಕೊಂಡಳು. ಹೇಳಿದರೆ ತನಗೂ ಗಂಡನಿಗೂ ಜೈಲು. ಹೇಳದಿದ್ದರೆ? ಗಂಡನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು.

"ನಾನೇ ಹೊಲಿದಿದ್ದು," ಎಂದಳು ಕೊನೆಗೆ. "ಅವರು ಹೋಗಿ ಎರಡು ಗಂಟೆ ಆಯ್ತು. ಹಳೇ ಗೋದಾಮಿನ ಹಿಂದಿನಿಂದ ಹೊರಡ್ತೀವಿ ಅಂದಿದ್ರು."

ಪೊಲೀಸಿನವಳು ಬೈಯಲಿಲ್ಲ. ಠಾಣೆಗೆ ಫೋನಿನಲ್ಲಿ ತಿಳಿಸುತ್ತಲೇ ಓಡಿದಳು.

ಆ ಮಧ್ಯಾಹ್ನವೆಲ್ಲ ಹೆಂಡತಿ ಜೆಟ್ಟಿಯ ಮೇಲೆ ನಿಂತಿದ್ದಳು. ಗಸ್ತು ದೋಣಿ ಬಂದಾಗ ಇಳಿದವರ ಮುಖಗಳನ್ನು ಒಂದೊಂದಾಗಿ ಹುಡುಕಿದಳು. ಗಂಡ ಕೊನೆಯವನು. ಎಂಟು ಜನರ ದೋಣಿಗೆ ಇಪ್ಪತ್ತೊಂಬತ್ತು ಜನರನ್ನು ತುಂಬಿದ್ದರಂತೆ. ಏಜೆಂಟ್ ಹತ್ತಲೇ ಇಲ್ಲವಂತೆ. ಇಂಜಿನ್ ಕೆಟ್ಟು, ದೋಣಿಯೊಳಗೆ ನೀರು ಮೊಣಕಾಲಿಗೆ ಬಂದಿದ್ದಾಗ ಪೊಲೀಸರು ತಲುಪಿದರು. ಬದುಕಿ ಬಂದವರು ಇಪ್ಪತ್ತೆಂಟು. ಅವರ ಬೀದಿಯ ಬೇಕರಿಯವನ ತಂಗಿಯೂ ಆ ದೋಣಿಯಲ್ಲಿದ್ದಳು, ಅವಳು ಸಿಗಲಿಲ್ಲ.

"ದೋಣಿಗೆ ನೀರು ನುಗ್ತಿದ್ದಂಗೆ, ಜಾಕೆಟ್ ಇದೆಯಲ್ಲ ಅಂತ ಸಮುದ್ರಕ್ಕೆ ಹಾರಿಬಿಟ್ಲು," ಎಂದ ಗಂಡ. ಹೆಂಡತಿಯ ಮುಖ ನೋಡಲಿಲ್ಲ.

ಇಬ್ಬರೂ ಠಾಣೆಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಅವರು ಕೊಟ್ಟ ಗುರುತಿನಿಂದ ಏಜೆಂಟ್ ಸಿಕ್ಕಿಬಿದ್ದ. ಇವರ ಮೇಲಿನ ಕೇಸೂ ನಡೆಯುತ್ತಿದೆ. ಗಂಡ ಈಗ ಪರವಾನಗಿ ಇರುವ ಕಚೇರಿಯ ಮೂಲಕವೇ ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ತಡವಾಗಲಿ ಬಿಡು ಎನ್ನುತ್ತಾನೆ. ಹೆಂಡತಿ ಮಾತ್ರ ಬೇಕರಿಯ ಮುಂದೆ ಹಾಯುವುದನ್ನೇ ಬಿಟ್ಟಿದ್ದಾಳೆ. ಒಂದು ದಿನ ಮೊದಲೇ ಬಾಯಿ ಬಿಟ್ಟಿದ್ದರೆ ಎಂದು ಕೊರಗುತ್ತಾಳೆ.

ಕಾಗದಪತ್ರ ಬೇಡ, ಸುಮ್ಮನೆ ದೋಣಿ ಹತ್ತಿ ಎನ್ನುವವನು ನಿಮ್ಮ ಮನೆಗೂ ಬರಬಹುದು. ನಂಬಬೇಡಿ. ನಿಮ್ಮವರು ಹೊರಟಿದ್ದರೆ ಮುಚ್ಚಿಡಬೇಡಿ. ಭಯವಾಗುವುದು ನಿಜ, ಆದರೂ ಕರಾವಳಿ ಪೊಲೀಸರಿಗೆ ತಿಳಿಸಿ. ದೋಣಿ ಇನ್ನೂ ದಡದಲ್ಲಿರುವಾಗಲೇ ತಿಳಿಸಿ.