ಬೇಲಿಯಾಚೆಯ ಕಾವಲು

ಸುಕ್ರ ಚಟ್ಟದ ಬಿದಿರಿಗೆ ಹೆಗಲು ಕೊಡಲು ಬಗ್ಗಿದ್ದೇ ತಡ, ಗುರುಪ್ರಸಾದ ಅಡ್ಡ ಬಂದು ಅವನ ಕೈ ಹಿಡಿದ.

"ನೀ ಬೇಡ. ಬೆಳಗಾದ್ರೆ ನಮ್ಮಪ್ಪನ ಹತ್ರ ಜಗಳ ಆಡಿದಂವ ನೀನು. ಇವತ್ತೂ ಎಂತಕೆ ಬಂದ್ಯೋ?"

ಅಂಗಳದಲ್ಲಿದ್ದವರೆಲ್ಲ ನೆಲ ನೋಡಿದರು. ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ತೀರಿಕೊಂಡ ಮಧುಕರ ನಾಯಕನಿಗೂ ಪಕ್ಕದ ಹಿತ್ತಲಿನ ಸುಕ್ರ ಗೌಡನಿಗೂ ನಡುವಿನ ಬೇಲಿಯ ವಿಷಯದಲ್ಲಿ ಎಣ್ಣೆ-ಸೀಗೆಕಾಯಿ. ನೀ ಗೂಟ ಆಚೆ ಸರಿಸಿದೆ ಅಂತ ಒಬ್ಬ, ನೀ ಈಚೆ ಸರಿಸಿದೆ ಅಂತ ಇನ್ನೊಬ್ಬ. ಇವರ ಕೂಗಾಟ ಕೇಳಿಯೇ ಶೆಟಗೇರಿಯ ಜನ ಹಾಸಿಗೆ ಬಿಟ್ಟೇಳುತ್ತಿದ್ದರು. ಕದ್ರಾ ವಿದ್ಯುತ್ ಕೇಂದ್ರದ ನೌಕರಿಯಿಂದ ರಜೆಗೆ ಬಂದಾಗಲೆಲ್ಲ ಗುರುಪ್ರಸಾದ ಕಂಡದ್ದೂ ಅದನ್ನೇ.

ಬಗ್ಗಿದ ಸುಕ್ರ ಮೇಲೇಳಲಿಲ್ಲ. ಮಧುಕರನೆದುರು ಒಂದು ದಿನವೂ ಸೋಲದವನು. ಇವತ್ತು ಹೆಗಲು ಕೊಡದೇ ಹೋದರೆ ಆ ಮನುಷ್ಯನ ಋಣ ತೀರಿಸಲು ಇನ್ನೊಂದು ದಿನವಿಲ್ಲ. ಅದನ್ನು ಈ ಹುಡುಗನಿಗೆ ಹೇಳುವುದು ಹೇಗೆ? ಬದುಕಿದ್ದಾಗ ಮಧುಕರನಿಗೇ ಹೇಳಿರಲಿಲ್ಲ.

"ನಾಕ್ ಹೆಜ್ಜೆ ಹೊತ್ರೂ ಸಾಕು, ತಮಾ," ಎಂದ.

"ಬೇಡ ಅಂದ್ನಲ್ಲ."

ಗಂಡನ ತಲೆದೆಸೆ ಕೂತಿದ್ದ ಗಂಗೂ ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದ್ ಗಳಿಗೆ ತಡೀರೋ. ಗುರೂ, ಬಾ ಇಲ್ಲಿ. ನೀ ಆಗ ಶಿರವಾಡದ ಮಾವನ ಮನೇಲಿದ್ಕಂಡು ಶಾಲೆಗೆ ಹೋಗ್ತಿದ್ದೆ. ನಿಂಗೆ ಗೊತ್ತಿಲ್ಲ."

*

ಹದಿಮೂರು ವರ್ಷದ ಹಿಂದೆ, ೧೯೮೫ರಲ್ಲಿ, ಕೂಲಿ ಸಿಕ್ಕಿತೆಂದು ಸುಕ್ರ ದೋಣಿಯಿಂದ ಗಂಟು ಇಳಿಸಲು ಹೋಗಿದ್ದ. ಗಂಟಿನಲ್ಲಿದ್ದದ್ದು ಹೊರದೇಶದ ಗಡಿಯಾರಗಳು. ದೋಣಿಯವರು ತಪ್ಪಿಸಿಕೊಂಡರು, ತಲೆಯ ಮೇಲೆ ಗಂಟು ಹೊತ್ತವನು ಸಿಕ್ಕಿಬಿದ್ದ. ಜಾಮೀನು ಸಿಕ್ಕೀತು ಅನ್ನುವಷ್ಟರಲ್ಲಿ ಇನ್ನೊಂದು ಆದೇಶ ಬಂತು. ಅದು ಮಾಡಿದ್ದಕ್ಕೆ ಕೊಡುವ ಶಿಕ್ಷೆಯಲ್ಲ. ಬಿಟ್ಟರೆ ಮುಂದೆಯೂ ಕಳ್ಳಸಾಗಣೆ ಮಾಡಿಯಾನು ಎಂದು ವಿಚಾರಣೆಯಿಲ್ಲದೆ ವರ್ಷದವರೆಗೂ ಒಳಗಿಡುವ ಕಾನೂನು. ಅದಕ್ಕೂ ಒಂದು ಮೂಗುದಾರವಿತ್ತು: ಸಲಹಾ ಮಂಡಳಿಯ ನ್ಯಾಯಾಧೀಶರು ಕಾರಣ ಸಾಲದು ಎಂದರೆ ಸರ್ಕಾರ ಬಿಡಲೇಬೇಕು. ಆದರೆ ಅವರೆದುರು ವಕೀಲರು ಬೇಕೆಂದು ಕೇಳುವ ಹಕ್ಕಿಲ್ಲ. ಸ್ನೇಹಿತನೊಬ್ಬ ಬಂದು ಮಾತಾಡಬಹುದು, ಅಷ್ಟೇ.

ಸುಕ್ರನ ಹೆಂಡತಿ ಮಂಜಿ ಅಂಕೋಲೆಯ ವಕೀಲರ ಹತ್ತಿರ ಇಷ್ಟು ಕೇಳಿಕೊಂಡು ನೆಟ್ಟಗೆ ಮಧುಕರನ ಜಗಲಿಗೆ ಬಂದಳು.

"ನಾ ಅವ್ನ ಸ್ನೇಹಿತನಾ? ನಿಂಗೆ ತಲೆ ಸಮ ಅದ್ಯೇ ಮಂಜೀ?"

"ನಮ್ ಪೈಕಿ ದೊಡ್ಡವ್ರ ಎದುರು ಬಾಯಿ ಬಿಡುವವ್ರು ಯಾರಿದ್ರು, ಒಡೆಯಾ? ನಿಮ್ ಬಾಯಿ ಹೆಂಗದೆ ಹೇಳಿ ದಿನಾ ಕೇಳ್ತೇ ಇದ್ದೆ."

ಮಧುಕರ ಒಳಗೆ ಹೋಗಿ ಒಳ್ಳೆಯ ಅಂಗಿ ಹುಡುಕಿದ.

ಬೆಂಗಳೂರಿನಲ್ಲಿ, ಮಂಡಳಿ ಕೂತಿದ್ದ ಕೋಣೆಯಲ್ಲಿ ಅವನನ್ನು ಕಂಡ ಸುಕ್ರ, ಇವ ತನ್ನನ್ನು ಮುಗಿಸಲಿಕ್ಕೇ ಬಂದ ಎಂದುಕೊಂಡ. ಇವನು ಮತ್ತೆ ಆ ಕೆಲಸಕ್ಕೆ ಹೋಗುವುದಿಲ್ಲವೆಂದು ನೀವು ಹೇಗೆ ಹೇಳುತ್ತೀರಿ ಎಂದು ಹಿರಿಯ ನ್ಯಾಯಾಧೀಶರು ಕೇಳಿದರು.

"ಇವ ನಾಳೆ ಎಂತ ಮಾಡ್ತಾ ಹೇಳಿ ನಂಗೆ ಗೊತ್ತದೆ ಸ್ವಾಮೀ," ಎಂದ ಮಧುಕರ. "ಬೆಳಕು ಹರಿಯುದ್ರೊಳಗೆ ಹರಿವೆ ಸೊಪ್ಪಿಗೆ ನೀರು ಹಾಕ್ತಾ. ಆಮೇಲೆ ನಾ ಎದ್ದೇನೋ ಇಲ್ವೋ ನೋಡ್ಕಂಡು ಬೇಲಿ ಗೂಟ ನನ್ ಬದಿಗೆ ದೂಡ್ತಾ. ಸಂಜಿಗೂ ಅದೇಯ. ಇವ್ನ ಕಾಯುದೇ ನನ್ ಕೆಲ್ಸ ಆಗೋಗದೆ. ಕಳ್ಳಸಾಗಣೆ ಮಾಡುಕೆ ಇವಂಗೆ ಪುರುಸೊತ್ತೆಲ್ಲದೆ? ದೋಣಿ ಹತ್ರ ಹೋದದ್ದು ಆ ಒಂದೇ ದಿನ. ಆ ದಿನ ನಾ ಕಾರವಾರಕ್ಕೆ ಹೋಗಿದ್ದೆ. ತಪ್ಪು ನಂದೇ ಅಂದ್ಕಳಿ. ಇನ್ನು ಕಾರವಾರದ ಬದಿಗೆ ತಲೆ ಹಾಕುದಿಲ್ಲ."

ಒಬ್ಬರು ನಗು ತಡೆಯಲು ಕೆಮ್ಮಿದರು. "ನೀವು ನಿಜಕ್ಕೂ ಇವನ ಸ್ನೇಹಿತರೇ?" ಎಂದು ಇನ್ನೊಬ್ಬರು ಕೇಳಿದರು.

"ಇವತ್ತಿನ ಮಟ್ಟಿಗೆ," ಎಂದ ಮಧುಕರ.

ಮಂಡಳಿ ಕಾರಣ ಸಾಲದು ಎಂದಿತು. ಸುಕ್ರ ಮನೆಗೆ ಬಂದ. ಮರುದಿನ ಕೈಮುಗಿಯೋಣವೆಂದು ಬೇಲಿಯ ಹತ್ತಿರ ಹೋದರೆ ಮಧುಕರ ಬಾಯಿ ತೆರೆಯಗೊಡಲಿಲ್ಲ. "ಆ ಗೂಟ ಎಂತಕೆ ವಾಲಿದ್ಯೋ?" ಎಂದು ಶುರು ಹಚ್ಚಿಕೊಂಡ. ಸುಕ್ರನಿಗೂ ಸಿಟ್ಟು ನೆತ್ತಿಗೇರಿತು. ಹೇಳಬೇಕಾದದ್ದು ಆ ದಿನ ಉಳಿಯಿತು, ಆಮೇಲೆ ಉಳಿದೇ ಹೋಯಿತು.

*

"ಬೆಂಗಳೂರಿಂದ ಮನಿಗೆ ಬಂದ ನಿನ್ನಪ್ಪ ನಂಗೂ ಒಂದೇ ಮಾತು ಹೇಳ್ದ, ಇನ್ನು ಕಾರವಾರದ ಕೆಲ್ಸೆಲ್ಲ ನೀನೇ ನೋಡ್ಕ ಅಂತ," ಎಂದಳು ಗಂಗೂ. "ಅಪ್ಪ ಒಂದ್ ದಿನನೂ ನನ್ನ ನೋಡುಕೆ ಬರ್ಲಿಲ್ಲ ಹೇಳಿ ಸಿಟ್ಟು ಮಾಡ್ತಿದ್ದೆ ಅಲ್ವೋ ಗುರೂ? ಕದ್ರಾಕ್ಕೆ ಹೋಗ್ಬೇಕಂದ್ರೆ ಕಾರವಾರದ ಮೇಲೇ ಹೋಗ್ಬೇಕು."

ಗುರುಪ್ರಸಾದ ಅಪ್ಪನ ಮುಖ ನೋಡಿದ. ಬೆಳಗಿನಿಂದ ಬಾರದ ಅಳು ಈಗ ಬಂತು. ಕಣ್ಣೊರೆಸಿಕೊಂಡು, ಬಿದಿರಿನ ಮುಂದಿನ ತುದಿಯಲ್ಲಿ ಸುಕ್ರನಿಗೆ ಜಾಗ ಬಿಟ್ಟ.

ಚಟ್ಟ ಎದ್ದಿತು. ಹೊರಗಿನ ದಾರಿ ಇರುಕಾಗಿ ಹೊತ್ತವರು ತಡವರಿಸಿದರು. "ಮಂಜೀ, ಬೇಲಿ ಕಿತ್ತಾಕೇ," ಎಂದ ಸುಕ್ರ. ಮಂಜಿ ಗೂಟಗಳನ್ನು ಒಂದೊಂದಾಗಿ ಕಿತ್ತು ಬದಿಗೆಸೆದಳು. ಆಚೆ ಸುಕ್ರನ ಹರಿವೆಯ ಮಡಿ ಕಂಡು ಜನ ಅಂಚಿಗೆ ಸರಿಯಹೊರಟರು.

"ನಡೂ ಮಧ್ಯನೇ ಹೋಗಿ," ಎಂದ ಸುಕ್ರ. ಮೊದಲ ಹೆಜ್ಜೆ ತಾನೇ ಇಟ್ಟ.

ಸಂಜೆ ಸ್ನಾನ ಮುಗಿಸಿ, ದನ ನುಗ್ಗೀತೆಂದು ಸುಕ್ರ ಗೂಟಗಳನ್ನು ಮತ್ತೆ ನೆಡಲು ಕೂತ. ಒಂದನ್ನು ಬೇಕೆಂದೇ ಆಚೆಯ ಹಿತ್ತಲೊಳಗೆ ಮೊಳದಷ್ಟು ಒತ್ತಿ ನಿಲ್ಲಿಸಿ, ಕಲ್ಲೆತ್ತಿ ಬಡಿದ. ಯಾರೂ ಕೂಗಲಿಲ್ಲ. ಇನ್ನೂ ಜೋರಾಗಿ ಬಡಿದ.

ಹಿತ್ತಲ ಬಾಗಿಲು ತೆರೆಯಿತು. ಗುರುಪ್ರಸಾದ ಗೂಟ ನೋಡಿದ, ಸುಕ್ರನನ್ನು ನೋಡಿದ.

"ಆ ಗೂಟ ಎಲ್ಲಿಗೆ ಬಂತೋ ಸುಕ್ರಾ?" ಎಂದ. ದನಿ ಅಪ್ಪನಷ್ಟು ಗಟ್ಟಿಯಿರಲಿಲ್ಲ.

ಸುಕ್ರನ ಕೈಯಿಂದ ಕಲ್ಲು ಜಾರಿತು. ಎರಡೂ ಕೈಯಲ್ಲಿ ಗೂಟ ತಬ್ಬಿಕೊಂಡು ಬಿಕ್ಕಿದ.

"ಗಟ್ಟಿ ಹೇಳು ತಮಾ. ಕೇಳ್ಲಿಲ್ಲ."

ಗುರುಪ್ರಸಾದ ಪಂಚೆ ಎತ್ತಿ ಕಟ್ಟಿಕೊಂಡು ಬೇಲಿಯ ಹತ್ತಿರ ಬಂದ.