ಮೂರು ಗೀರಿನ ಕಂಬ

ನನ್ನ ಸಿಟ್ಟು ಕೆಟ್ಟದ್ದು, ಆಫೀಸಿಗೆಲ್ಲ ಗೊತ್ತು. ಆದರೆ ಅವತ್ತು ಸಿಂಗಪುರದ ವುಡ್‌ಲ್ಯಾಂಡ್ಸ್ ಗೋಡೌನಿನಲ್ಲಿ ಯಾಕೆ ಕೂಗಾಡಿದೆ ಎಂದು ತಿಳಿದರೆ ನೀವೂ ಕೂಗಾಡುತ್ತೀರಿ.

ಅಲ್ಲಿ ಬಿಚ್ಚಿ ತಂದಿಟ್ಟಿದ್ದದ್ದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಹೊಸ ರಸ್ತೆಗೆ ಅಡ್ಡ ಬಂದಿದ್ದ ಹಳೇ ಬಾರ್ನ್. ಬಾರ್ನ್ ಅಂದರೆ ರೈತರು ತೆನೆ ಕೂಡಿಟ್ಟು ಬಡಿಯುವ ದೊಡ್ಡ ಕಟ್ಟಡ. ಯಾವಾಗಲೂ ಮಳೆ ಸುರಿಯುವ ದೇಶ, ಪಾಪ, ಕಣವನ್ನೂ ಸೂರಿನೊಳಗೇ ಮಾಡಿಕೊಂಡಿದ್ದರು. ಎದುರುಬದುರು ಎರಡು ಭಾರಿ ಬಾಗಿಲು. ಎರಡನ್ನೂ ತೆರೆದರೆ ಗಾಳಿ ಹಾದು ಹೊಟ್ಟು ಹಾರಿಹೋಗಬೇಕು. ಗದಗಿನ ಕಡೆಯವಳಾದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಕ್ಷೆ ನೋಡಿದ ದಿನವೇ ಮನಸ್ಸು ಕೊಟ್ಟುಬಿಟ್ಟೆ.

ಅದರ ಒಡತಿ ಒಬ್ಬ ಅಜ್ಜಿ. ನಮ್ಮ ಬಾಸ್ ಅರವಿಂದ ಅದನ್ನು ಸಿಂಗಪುರಕ್ಕೆ ತಂದು ರೆಸ್ಟೋರೆಂಟ್ ಮಾಡುತ್ತೇನೆಂದಾಗ, "ಬಿಚ್ಚಿಕೊಂಡು ಹೋಗಿ, ಆದರೆ ಮತ್ತೆ ನಿಲ್ಲಿಸಬೇಕು" ಎಂದಳು. ವಿಡಿಯೊ ಕಾಲಿನಲ್ಲಿ ಮಾತು ಕೊಟ್ಟವಳು ನಾನು.

ಇಡೀ ಚೌಕಟ್ಟಿಗೆ ಒಂದೂ ಮೊಳೆಯಿಲ್ಲ. ಒಂದು ತೊಲೆಯ ತುದಿಯ ನಾಲಿಗೆ ಇನ್ನೊಂದರ ತೂತಿನಲ್ಲಿ ಕೂರಬೇಕು, ಅದೂ ತನ್ನ ಜೋಡಿಯಲ್ಲಿ ಮಾತ್ರ. ಯಾವುದು ಯಾವುದಕ್ಕೆ ಎಂದು ಅಂದಿನ ಬಡಗಿಗಳು ಪ್ರತಿ ಮರದ ಮೇಲೂ ಉಳಿಯಿಂದ ಗೀರು ಹಾಕಿದ್ದರು. ಅದನ್ನು ಮತ್ತೆ ಜೋಡಿಸಲು ನಾನು ಬರೆದ ನಕ್ಷೆಯೂ ಆ ಗೀರುಗಳನ್ನೇ ನಂಬಿತ್ತು.

ಆಯುಧಪೂಜೆಯ ಬೆಳಗ್ಗೆ ಹೋದಾಗ, ಗೋಡೌನ್ ನೋಡಿಕೊಳ್ಳುವ ಚೇತನಕುಮಾರ ಹಲ್ಲು ಕಿರಿಯುತ್ತ ನಿಂತಿದ್ದ.

"ಮೇಡಂ, ಸರ್‌ಪ್ರೈಸ್! ಪೂಜೆಗೆ ಎಲ್ಲಾ ಕ್ಲೀನ್ ಮಾಡ್ಸಿದೀನಿ. ಮರ ಎಷ್ಟು ಕೊಳಕಾಗಿತ್ತು ಅಂತೀರಾ! ಮಷೀನ್ ಹಾಕ್ಸಿ ಉಜ್ಜಿಸ್ಬಿಟ್ಟೆ. ಈಗ ನೋಡಿ, ಹೊಸದರ ಥರ!"

ಬಿಸ್ಕತ್ತಿನ ಬಣ್ಣದ ತೊಲೆಗಳು. ಪ್ರತಿಯೊಂದಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡುಹೂ. ಗೀರು ಒಂದೂ ಇರಲಿಲ್ಲ. ಗುರುತಿಗೆಂದು ನಾನು ಕಟ್ಟಿಸಿದ್ದ ನಂಬರಿನ ಚೀಟಿಗಳೂ ಕಸದ ಚೀಲ ಸೇರಿದ್ದವು. ನುಣುಪು ಮಾಡುವ ಭರದಲ್ಲಿ ನಾಲಿಗೆಗಳನ್ನೂ ಸವೆಸಿದ್ದರು. ಜೋಡಿ ಸಿಕ್ಕರೂ ಇನ್ನು ಹಿಡಿತವಿಲ್ಲ.

ಸಿಟ್ಟು ಬಂದರೆ ನನಗೆ ಬೆಂಗಳೂರು ಕನ್ನಡ ಬರುವುದಿಲ್ಲ. "ಏನ್ ಮಾಡಿ ಇಟ್ಟೀಯೋ ಮಾರಾಯಾ! ಎಲ್ಲಾ ಹಾಳ ಮಾಡಿಬಿಟ್ಟೆಲ್ಲೋ!"

ಅವನ ಮುಖ ಸಣ್ಣದಾಯಿತು, ಬಾಯಲ್ಲಿ ನಮ್ಮ ಕಡೆಯ ಮಾತೇ ಬಂತು. "ಪೂಜಾಕ್ಕ ಹೊಲಸ ಇರಬಾರ್ದು ಅಂತ ಮಾಡ್ಸೀನ್ರಿ, ಅಕ್ಕಾರ."

ನಮ್ಮ ಮನೆಯಲ್ಲೂ ಹಬ್ಬದ ಮುಂಚೆ ಹೀಗೇ ಉಜ್ಜುತ್ತಿದ್ದರು.

ಅರವಿಂದನಿಗೆ ಫೋನ್ ಮಾಡಿದೆ. ರಾಫೆಲ್ಸ್ ಪ್ಲೇಸಿನ ಆಫೀಸಿನ ಎಸಿಯಲ್ಲಿ ಕೂತವನಿಗೇನು! "ಶೈಲಶ್ರೀ, ಡ್ರಾಮಾ ಬೇಡ. ಕಟ್ ಮಾಡ್ಸಿ ಟೇಬಲ್ ಟಾಪ್ ಮಾಡೋಣ. ಓಲ್ಡ್ ಇಂಗ್ಲಿಷ್ ವುಡ್ ಅಂತ ಬೋರ್ಡ್ ಹಾಕಿದ್ರೆ ಮುಗೀತು ಲಾ." ಮಾತಿನ ಕೊನೆಗೆ ಸಿಂಗಪುರದವರ ಆ 'ಲಾ' ಬೇರೆ.

"ನಿಲ್ಲಿಸ್ತೀವಿ ಅಂತ ಮಾತು ಕೊಟ್ಟಿದೀನಿ ಸರ್."

"ಹೆಂಗೆ ನಿಲ್ಲಿಸ್ತೀರಾ, ಹೇಳಿ?"

ನಾಳೆ ಗರಗಸದವರನ್ನು ಕಳಿಸುತ್ತೇನೆಂದು ಅವನೇ ಫೋನ್ ಇಟ್ಟ.

ಮರುದಿನ ವಿಜಯದಶಮಿ. ಮಧ್ಯಾಹ್ನ ಗರಗಸದವರು ಬಂದರು. ಅದೇ ಹೊತ್ತಿಗೆ ಅಜ್ಜಿಯ ವಿಡಿಯೊ ಕಾಲ್. ಎತ್ತಬಾರದಿತ್ತು, ಎತ್ತಿದೆ. ಕನ್ನಡಕ ಹುಡುಕಿ ಸಿಗದೆ, "ಇರಲಿ, ನನ್ನ ಬಾರ್ನ್ ತೋರಿಸು" ಎಂದಳು. ಹತ್ತಿರದ ಕಂಬದ ಕಡೆ ಫೋನ್ ತಿರುಗಿಸಿದೆ.

ಅವಳು ಪರದೆಗೆ ಮೂಗು ತಾಗಿಸಿ ನೋಡಿದಳು. ಮುಖ ಅರಳಿತು.

"ಮೂರು ಗೀರು! ಅದು ಬಾಗಿಲ ಪಕ್ಕದ ಕಂಬ. ಚಿಕ್ಕವಳಿದ್ದಾಗ ಆ ಗೀರಿನಲ್ಲಿ ಬೆರಳಾಡಿಸುತ್ತಿದ್ದೆ. ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ! ಯಾವಾಗ ನಿಲ್ಲಿಸುತ್ತೀರಿ?"

ಚೇತನ ವಿಭೂತಿಯನ್ನು ನೋಡಿದ, ನನ್ನನ್ನು ನೋಡಿದ.

"ಬೇಗ," ಎಂದೆ.

ಹಿಂದೆ ಗರಗಸದ ಸದ್ದು ಎದ್ದಿತು.

"ಓಹೋ, ಕೆಲಸ ಶುರುವಾಗಿಯೇಬಿಟ್ಟಿದೆ!" ಎಂದು ಅಜ್ಜಿ ಖುಷಿಪಟ್ಟಳು.

ಹೌದು ಎಂದೆ.