ದೊರೆಯ ಕರಿಯ ನಿಲುವಂಗಿ

ವಾಲ್‌ನೆರಾ ಸೀಮೆಯನ್ನು ಆಳುತ್ತಿದ್ದ ಕೌಂಟ್ ಇಸಾರ್ನ್ ಜ್ವರ ಬಂದು ಮಲಗಿದಾಗ ಕೋಟೆಯಲ್ಲಿ ಯಾರೂ ಅಳಲಿಲ್ಲ. ಹೆಂಡತಿ ರಿಕಿಲ್ಡಾ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ, ಅಷ್ಟೇ.

ಅವನು ಆಳಿದ್ದೇ ಹಾಗೆ. ಬೆಟ್ಟದ ಮೇಲಿನ ಹಳ್ಳಿಯವರು ಗೋದಿ ಬಚ್ಚಿಟ್ಟರೆಂದು ಅವರ ಇಗರ್ಜಿಗೆ ಬೆಂಕಿ ಇಡಿಸಿದ್ದ. ಒಳಗೆ ಹೆಂಗಸರು ಅವಿತಿದ್ದದ್ದು ತನಗೆ ಆಮೇಲೆ ತಿಳಿಯಿತು ಎನ್ನುತ್ತಿದ್ದ. ಸಂತರ ಎಲುಬುಗಳನ್ನಿಟ್ಟ ಪವಿತ್ರ ಪೆಟ್ಟಿಗೆ ಮುಟ್ಟಿ ಸುಳ್ಳು ಆಣೆಯಿಟ್ಟ ಕೈ ಅವನ ಸೀಮೆಯಲ್ಲಿ ಉಳಿಯುತ್ತಿರಲಿಲ್ಲ; ಕಡಿಸಿಬಿಡುತ್ತಿದ್ದ. ನೆರೆಯವನನ್ನು ಉಳಿಸಲು ಹಾಗೆ ಆಣೆಯಿಟ್ಟ, ರೊಟ್ಟಿ ಮಾರುವ ಬೆರಾ ಈಗ ಬುಟ್ಟಿಯನ್ನು ಮೊಣಕೈಗೆ ನೇತುಹಾಕಿಕೊಂಡು ಓಡಾಡುತ್ತಿದ್ದ. ಬೆರಾ ರಿಕಿಲ್ಡಾಳನ್ನು ಸಾಕಿದ ದಾದಿ ಒರಿಯಾಳ ತಮ್ಮ. ಒರಿಯಾ ದೊರೆಯ ಕಾಲು ಹಿಡಿದು ಬೇಡಿದಾಗ, “ನನ್ನ ತಾಯೇ ಆಗಿದ್ರೂ ಅಷ್ಟೇ,” ಎಂದು ಕಾಲು ಬಿಡಿಸಿಕೊಂಡು ಹೋಗಿದ್ದ. ರಿಕಿಲ್ಡಾ ಅಲ್ಲೇ ನಿಂತಿದ್ದಳು. ಒಂದು ಮಾತೂ ಆಡಿರಲಿಲ್ಲ.

ಇದೇ ಮನುಷ್ಯ ಚಳಿಗಾಲದಲ್ಲಿ ಅವಳ ತಣ್ಣನೆಯ ಪಾದಗಳನ್ನು ತನ್ನ ಅಂಗಿಯೊಳಗೆ ಸೇರಿಸಿಕೊಂಡು ಬೆಚ್ಚಗಾಗುವ ತನಕ ಅಲುಗಾಡದೆ ಕೂರುತ್ತಿದ್ದ. ಹೇಳಿದರೆ ನಂಬುವವರು ಯಾರು?

ಜ್ವರ ಏರುತ್ತಲೇ ಹೋಯಿತು. “ಬೆಂಕಿ... ಬಾಗ್ಲು ತೆಗೀರೋ...” ಎಂದು ಕನವರಿಸತೊಡಗಿದ.

“ಮಠದವ್ರನ್ನ ಕರೆಸು, ಮಗಾ,” ಎಂದಳು ಒರಿಯಾ. “ಪ್ರಾಣ ಹೋಗೋ ಮುಂಚೆ ಅವ್ರ ಕರಿ ನಿಲುವಂಗಿ ಮೈಮೇಲೆ ಬಿದ್ರೆ ನರಕದ ಬೆಂಕಿ ಮುಟ್ಟಲ್ಲ.”

“ಬದುಕಿಬಿಟ್ರೆ?”

“ಬದುಕಿದ್ರೆ ಸನ್ಯಾಸಿ. ಕತ್ತಿ ಇಲ್ಲ, ಸೀಮೆ ಇಲ್ಲ, ಹೆಂಡ್ತಿ ಇಲ್ಲ. ಆದ್ರೆ ಆ ಮುಖ ನೋಡು. ಬದುಕೋ ಮುಖಾನಾ ಅದು?”

ಸುತ್ತಲ ದೊರೆಗಳೆಲ್ಲ ಮಾಡುತ್ತಿದ್ದುದೇ ಅದು: ಬದುಕೆಲ್ಲ ಕತ್ತಿ ಹಿಡಿದು, ಕೊನೆಯುಸಿರಿಗೆ ಸನ್ಯಾಸಿಯಾಗಿಬಿಡುವುದು. ಗಳಿಗೆ ಮಾತ್ರ ತಪ್ಪಬಾರದು.

ಮಠದ ಹಿರಿಯ ಪೊನ್ಸ್ ಕತ್ತರಿ, ನಿಲುವಂಗಿ, ಎಲುಬಿನ ಪೆಟ್ಟಿಗೆಗಳೊಂದಿಗೆ ಬಂದ. “ದೊರೆ ತಮ್ಮ ಬಾಯಿಂದ್ಲೇ ಕೇಳಿದ್ರಾ ತಾಯಿ? ಕೇಳದೆ ಹೊದಿಸೋ ಹಾಗಿಲ್ಲ.”

ಇಸಾರ್ನ್ ಏನನ್ನೂ ಕೇಳಿರಲಿಲ್ಲ. ರಿಕಿಲ್ಡಾಳ ಕಿವಿಯಲ್ಲಿ ಆ ಕನವರಿಕೆಯೊಂದೇ ಇತ್ತು. ಅವಳು ಪೆಟ್ಟಿಗೆಯ ಮೇಲೆ ಬಲಗೈ ಇಟ್ಟಳು.

“ಕೇಳಿದ್ರು.”

ಪೊನ್ಸ್ ಕತ್ತರಿ ಆಡಿಸಿದ; ದೊರೆಯ ನೆತ್ತಿಯ ನರೆಗೂದಲು ದಿಂಬಿನ ಮೇಲೆ ಉದುರಿತು, ಮೈಮೇಲೆ ಕರಿ ನಿಲುವಂಗಿ ಬಿತ್ತು.

ಮಾರನೆಯ ಬೆಳಗ್ಗೆ ಜ್ವರ ಇಳಿಯಿತು. “ಒರಿಯಾ, ಹಂದಿಮಾಂಸ ಹುರ್ಕೊಂಡು ಬಾ. ಹೊಟ್ಟೆ ಬೆನ್ನಿಗಂಟಿದೆ,” ಎಂದು ಇಸಾರ್ನ್ ಕೂಗಿದ. ಯಾರೂ ಕದಲಲಿಲ್ಲ. ಆಗ ಅವನ ಕೈ ತನ್ನ ತಲೆಯ ಕಡೆಗೆ ಹೋಯಿತು.

ಗೋಡೆ ಹಿಡಿದುಕೊಂಡು ಹಜಾರಕ್ಕೆ ಬಂದರೆ, ತಮ್ಮ ಸುನ್ಯೆರ್ ಆಗಲೇ ಅವನ ಕತ್ತಿಪಟ್ಟಿ ಕಟ್ಟಿಕೊಂಡು ನಿಂತಿದ್ದ. ಮಕ್ಕಳಿಲ್ಲದ ಅಣ್ಣನ ಸೀಮೆ ಇನ್ಯಾರಿಗೆ ಸೇರಬೇಕು?

“ಮಠದಲ್ಲಿ ಬರೀ ಸೊಪ್ಪು, ಕಾಳಂತೆ ಅಣ್ಣ. ಮೈ ಹಗುರಾಗುತ್ತೆ ಬಿಡು,” ಎಂದ ಸುನ್ಯೆರ್. ಹಜಾರ ನಕ್ಕಿತು. ಇಸಾರ್ನನ ಎದುರು ಜನ ಹಾಗೆ ನಕ್ಕಿದ್ದು ಅದೇ ಮೊದಲು.

“ಇದನ್ನ ನಾನ್ಯಾವಾಗ ಕೇಳ್ದೆ?” ಇಸಾರ್ನ್ ಗುಡುಗಿದ.

“ಕೇಳಿಲ್ಲ ಅಂದ್ರೆ ಈಗ್ಲೇ ಬಿಚ್ಚಿಬಿಡಿ, ದೊರೆ,” ಎಂದ ಪೊನ್ಸ್ ಮೆಲ್ಲಗೆ. “ಆದ್ರೆ ಕೇಳಿದ್ರು ಅಂತ ತಾಯಿ ಪೆಟ್ಟಿಗೆ ಮುಟ್ಟಿ ಆಣೆ ಇಟ್ಟಿದಾರೆ.”

ನಗು ನಿಂತಿತು. ಎಲ್ಲರ ಕಣ್ಣೂ ರಿಕಿಲ್ಡಾಳ ಬಲಗೈ ಮೇಲೆ. ಬಾಗಿಲ ಬಳಿ ರೊಟ್ಟಿಬುಟ್ಟಿ ಹೊತ್ತ ಬೆರಾ ಕೂಡ ಅದನ್ನೇ ನೋಡುತ್ತಿದ್ದ. ಅವಳಿಗೆ ಆ ಕೈಯನ್ನು ಅಂಗಿಯ ತೋಳೊಳಗೆ ಸೇರಿಸಿಕೊಳ್ಳುವುದಕ್ಕೂ ಆಗಲಿಲ್ಲ.

“ದೊರೆ, ನಾನೇ...” ಎಂದು ಅವಳು ಬಾಯಿ ತೆರೆದಳು.

“ಸುಮ್ನಿರು.” ಇಸಾರ್ನ್ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿದ. “ಕೇಳಿದ್ದೆ. ಜ್ವರದಲ್ಲಿ ಮರ್ತಿದ್ದೆ.”

ತನ್ನ ಕುದುರೆಯನ್ನೂ ಅವನು ಕೇಳಲಿಲ್ಲ. ಮಠದ ಹೇಸರಗತ್ತೆಯ ಮೇಲೆ ಕುಳಿತು, ಹೆಬ್ಬಾಗಿಲು ದಾಟುವಾಗ ತಿರುಗಿ ನೋಡದೆ, “ಕಾಲಿಗೇನಾದ್ರೂ ಸುತ್ಕೋ. ಚಳಿ ಬಂತು,” ಎಂದ.

ಸನ್ಯಾಸಿಯ ಹೆಂಡತಿಗೆ ಕೋಟೆಯಲ್ಲಿ ಜಾಗವಿಲ್ಲ. ಹಿಮ ಬೀಳುವ ಮೊದಲೇ ರಿಕಿಲ್ಡಾಳೂ ಹೊಳೆಯಾಚೆಯ ಸನ್ಯಾಸಿನಿಯರ ಮಠ ಸೇರಬೇಕಾಯಿತು. ಹೊರಡುವ ದಿನ ಒರಿಯಾ ನೆಲಕ್ಕೆ ಕುಳಿತು ಅವಳ ಪಾದಗಳಿಗೆ ಉಣ್ಣೆ ಸುತ್ತತೊಡಗಿದಳು.

“ಮರ್ತಿದ್ದೆ ಅಂದ್ಬಿಟ್ಟ,” ಎಂದಳು, ತಲೆಯೆತ್ತದೆ. “ನನ್ನ ತಮ್ಮನ್ಗೆ ಹಾಗೆ ಒಂದು ಮಾತು ಹೇಳೋರು ಯಾರೂ ಇರ್ಲಿಲ್ಲ.”

ರಿಕಿಲ್ಡಾ ತನ್ನ ಬಲಗೈ ನೋಡಿಕೊಂಡಳು. ಒರಿಯಾ ಗಂಟು ಹಾಕಿದಳು, ತುಸು ಬಿಗಿಯಾಗಿಯೇ.